ಆಯ್ಕೆಯಾದ ಮೇಲೂ ನಮ್ಮ ಪಿಕಪ್ಪಿಗೆ ಬಾರದೆ ಹೋದ ಎಂಜಿನ್ ಅವರಿಗೆ

ಡೀಸೆಲ್ ಕುಲತಿಲಕರೂ ನಾಲ್ಕು ಸಿಲಿಂಡರುಗಳ ಒಡೆಯರೂ, ಸದ್ಯ ತಿರುವನಂತಪುರದ ಚಾಲೈ ಬೀದಿಯ ಮೈಕ್ ಸೆಟ್ಟಿನವರ ಜನರೇಟರ್ ಗಾಡಿಯ ಮೇಲೆ ವಿರಾಜಮಾನರೂ ಆಗಿರುವ ಮಾನ್ಯರೇ,

ಸರಕಾರದ ಅನುವಾದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುಳಿತು ಕಾಸರಗೋಡಿನ ಕಡತಗಳ ಕನ್ನಡವನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತ ಬಂದಿರುವ ಜಯಕರ ಎಂಬ ನಾನು, ಅದೇ ಕೈಗಳನ್ನು ಜೋಡಿಸಿ ತಮಗೆ ಸಲ್ಲಿಸುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ವಾರಕ್ಕೆ ನಾಲ್ಕು ದಿನ ತಾವು ನನ್ನ ಕಚೇರಿಯ ಕಿಟಕಿಯ ಕೆಳಗೇ ಬಂದು ನಿಲ್ಲುವುದರಿಂದ ತಮ್ಮ ಆರೋಗ್ಯದ ಬಗ್ಗೆ ಬೇರೆಯವರನ್ನು ವಿಚಾರಿಸುವ ಅಗತ್ಯ ನನಗೆ ಬಿದ್ದಿಲ್ಲ.

ತಮಗೆ ನನ್ನ ನೆನಪು ಇರಲಿಕ್ಕಿಲ್ಲ. ಕೊಚ್ಚಿಯ ಎಡಪ್ಪಳ್ಳಿಯಲ್ಲಿ, ದೊಡ್ಡ ಶಾಪಿಂಗ್ ಮಾಲಿನ ಹಿಂದಿನ ಗಲ್ಲಿಯಲ್ಲಿ, ಪೌಲೋಸ್ ಆಶಾನ್ ಎಂಬ ಹಿರಿಯ ಮೆಕ್ಯಾನಿಕ್ಕಿನ ಶೆಡ್ಡಿನೊಳಗೆ ತಾವು ಗೋಣಿ ಹೊದ್ದು ಕುಳಿತಿದ್ದಾಗ, ಕನ್ನಡಕವನ್ನು ಹಣೆಗೇರಿಸಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಹನ್ನೊಂದು ಶನಿವಾರ ತಮಗೆ ಪ್ರದಕ್ಷಿಣೆ ಬಂದವನು ನಾನೇ. ತಮ್ಮ ಎಡಮಗ್ಗುಲಲ್ಲಿ ಹಳದಿ ಪೇಂಟಿನಿಂದ ‘ಆಯ್ಕೆಯಾಗಿದೆ’ ಎಂದು ಕನ್ನಡದಲ್ಲಿ ಬರೆದವನೂ ನಾನೇ. ಶೆಡ್ಡಿನಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ವಿಷಯಕ್ಕೆ ಬರುತ್ತೇನೆ. ತ್ರಿಪ್ಪುಣಿತ್ತುರದ ನಮ್ಮ ಫ್ಲಾಟಿನ ಕೆಳಗೆ, ಸರಕಾರಿ ಹರಾಜಿನಲ್ಲಿ ನಾನು ಕೊಂಡ ಹಳೆಯ ಪಿಕಪ್ ಒಂದು ನಿಂತಿದೆ. ನಾಲ್ಕು ಚಕ್ರಕ್ಕೂ ಎಂಜಿನಿನ ಬಲ ಹೋಗುವ, ಗುಡ್ಡ ಹತ್ತುವ ಜಾತಿಯದು. ಫ್ಲಾಟಿನಲ್ಲಿರುವ ಗುಮಾಸ್ತನಿಗೆ ಯಾವ ಗುಡ್ಡ ಎಂದು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಹೆಂಡತಿ ಕುಸುಮಾವತಿ ಹದಿನೈದು ವರ್ಷದಿಂದ ಕೇಳುತ್ತಿದ್ದಾಳೆ. ಆ ನಾಲ್ಕು ಚಕ್ರದ ಬಲವನ್ನು ನಾವು ಬಳಸಿದ್ದು ಒಂದೇ ಒಂದು ಸಲ, ಪಕ್ಕದ ಮನೆಯ ಮದುವೆಯಲ್ಲಿ ಪಾಯಸದ ಹಂಡೆ ಹೊತ್ತ ಆಟೋವನ್ನು ಕೆಸರಿನಿಂದ ಎಳೆಯಲು, ಎಂಬುದನ್ನು ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಆ ಗಾಡಿ ನನಗೆ ಬೇಕಾದದ್ದು ಗುಡ್ಡಕ್ಕಲ್ಲ, ಮಗಳಿಗೆ.

ನಮ್ಮ ಒಬ್ಬಳೇ ಮಗಳು ಅಪೂರ್ವಾ ಶಾಲೆಗೆ ಸೇರಿದ ಒಂದೇ ತಿಂಗಳಲ್ಲಿ ಕನ್ನಡವನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಒಳಗೆ ಬರತೊಡಗಿದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಮಲಯಾಳದಲ್ಲಿ; ಜೋರು ಮಾಡಿದರೆ ಇಂಗ್ಲಿಷಿನಲ್ಲಿ. ಕೊನೆಗೆ ನಾನೊಂದು ಕಾಯಿದೆ ಹೊರಡಿಸಿದೆ: ಪಿಕಪ್ಪಿನ ಒಳಗೆ ಕನ್ನಡ ಮಾತ್ರ, ತಪ್ಪಿದವರು ಇಳಿದು ಗಾಡಿ ತಳ್ಳಬೇಕು. ಆಶ್ಚರ್ಯವೆಂದರೆ ಕಾಯಿದೆ ಫಲಿಸಿತು. ಶನಿವಾರ ನಾನು ತಿರುವನಂತಪುರದಿಂದ ಮನೆಗೆ ಬಂದ ಕೂಡಲೆ ಅವಳು ಗಾಡಿ ಹತ್ತುವಳು, ಎಂಜಿನಿನ ಗಡಗಡದ ಮೇಲೆ ಗಂಟಲೆತ್ತಿ ಕನ್ನಡದಲ್ಲಿ ವಾರದ ಸುದ್ದಿಯನ್ನೆಲ್ಲ ಕೂಗುವಳು, ಇಳಿದ ಕೂಡಲೆ ಮತ್ತೆ ಮಲಯಾಳದಲ್ಲಿ ‘ಶೆರಿ ಅಚ್ಛಾ’, ಸರಿ ಅಪ್ಪ. ಹದಿನಾಲ್ಕು ವರ್ಷ ಹೀಗೆ ನಡೆಯಿತು. ಎಂಟು ತಿಂಗಳ ಹಿಂದೆ ಎಡಪ್ಪಳ್ಳಿ ಸಿಗ್ನಲಿನಲ್ಲಿ ಹಳೆಯ ಎಂಜಿನ್ ಕಪ್ಪು ಹೊಗೆ ಬಿಟ್ಟು ಪ್ರಾಣವನ್ನೂ ಬಿಟ್ಟಿತು. ಅವತ್ತಿನಿಂದ ಈಚಿನವರೆಗೂ ಮಗಳ ಬಾಯಿಂದ ಒಂದು ಕನ್ನಡ ಮಾತು ಕೇಳಿರಲಿಲ್ಲ ನಾನು. ಈ ತಿಂಗಳ ಕೊನೆಗೆ ಅವಳು ಕಾನೂನು ಓದಲು ದೆಹಲಿಗೆ ಹೊರಡುತ್ತಾಳೆ.

ಇಷ್ಟು ತುರ್ತಿನ ಕೆಲಸವನ್ನು ಬೇರೆ ಯಾರಾದರೂ ಒಂದು ವಾರದಲ್ಲಿ ಮುಗಿಸುತ್ತಿದ್ದರು. ನಾನು ಸರಕಾರಿ ಮನುಷ್ಯ, ಕ್ರಮ ಬಿಡುವುದುಂಟೇ? ಆಶಾನ್ ಮೂರು ಎಂಜಿನುಗಳನ್ನು ತೋರಿಸಿದರು, ನಾನು ಮೂವರಿಗೂ ತುಲನಾತ್ಮಕ ಪಟ್ಟಿ ಮಾಡಿದೆ. ಮೊದಲನೆಯವರು ಮುನ್ನಾರಿನ ಚಹಾ ತೋಟದಿಂದ ಬಂದ ಬಲಶಾಲಿಗಳು, ಆದರೆ ಡೀಸೆಲಿಗಿಂತ ಹೆಚ್ಚು ಆಯಿಲ್ ಕುಡಿಯುವವರು. ಎರಡನೆಯವರು ತಾವು, ಒಬ್ಬ ಡಾಕ್ಟರ ಗಾಡಿಯಲ್ಲಿ ಸುಖವಾಗಿ ಬಾಳಿದವರು. ಮೂರನೆಯವರು ಕಲ್ಲುಕ್ವಾರಿಯಲ್ಲಿ ದುಡಿದವರು; ನಮ್ಮದೇ ಮಾದರಿಯ ಗಾಡಿಯಿಂದ ಇಳಿದವರಾದ್ದರಿಂದ ಹಳೆಯ ಗೇರ್‌ಬಾಕ್ಸಿಗೆ ನೆಟ್ಟಗೆ ಕೂರುತ್ತಾರೆ, ಎರಡೇ ದಿನದ ಕೆಲಸ, ತಮ್ಮನ್ನು ಕೂರಿಸಬೇಕಾದರೆ ಕಬ್ಬಿಣ ಕೊರೆದು ಹೊಸ ಹಿಡಿಕೆ ಮಾಡಬೇಕು, ಮೂರನೆಯದನ್ನೇ ಇಡಿ ಎಂದು ಆಶಾನ್ ಹನ್ನೊಂದು ಶನಿವಾರವೂ ಹೇಳಿದರು.

ನಾನು ಕೇಳಲಿಲ್ಲ. ಮಗಳ ಕನ್ನಡ ಸ್ಪಷ್ಟವಾಗಿ ಕೇಳಿಸಬೇಕು ಎಂಬುದೇ ನನ್ನ ಮುಖ್ಯ ಅರ್ಹತಾ ನಿಯಮವಾಗಿತ್ತು. ಅದಕ್ಕಾಗಿ ಒಬ್ಬೊಬ್ಬರನ್ನೇ ಬೆಂಚಿನ ಮೇಲೆ ಚಾಲೂ ಮಾಡಿಸಿ, ಆ ಬದಿಯಲ್ಲಿ ಕುಸುಮಾವತಿಯನ್ನು ನಿಲ್ಲಿಸಿ, ಹದಿನಾಲ್ಕು ತರಕಾರಿಗಳ ಹೆಸರನ್ನು ಸಾಮಾನ್ಯ ಸ್ವರದಲ್ಲಿ ಹೇಳಿಸಿ, ಈ ಬದಿಯಲ್ಲಿ ನಿಂತು ಬರೆದುಕೊಂಡೆ. ತಮ್ಮ ಸರದಿಯಲ್ಲಿ ಹದಿನಾಲ್ಕೂ ಕೇಳಿಸಿದವು. ಮೂರನೆಯವರ ಸರದಿಯಲ್ಲಿ ‘ಬೆಂಡೆ’ ಒಂದೇ ಕೇಳಿಸಿತು, ಅದೂ ಅವಳು ಸಿಟ್ಟಿನಿಂದ ಎರಡನೆಯ ಸಲ ಹೇಳಿದ್ದರಿಂದ. ಸಾರ್‌ಗೆ ಬೇಕಾದದ್ದು ಎಂಜಿನೋ ಅಳಿಯನೋ ಎಂದು ಆಶಾನ್ ಅವಳನ್ನೇ ಕೇಳಿದರು. ಇಬ್ಬರೂ ಸೇರಿ ನಕ್ಕರು. ನಾನು ತಮಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟು ಸಹಿ ಹಾಕಿದೆ.

ಲೋಕದ ರೂಢಿಯಲ್ಲಿ ಮೊದಲು ಎಂಜಿನ್ ಕೂರಿಸಿ ಆಮೇಲೆ ಆರ್‌ಟಿಒ ಕಚೇರಿಗೆ ಓಡುತ್ತಾರೆ. ನಾನು ತಮ್ಮ ಮೈಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಮೊದಲು ಅನುಮತಿಗೆ ಅರ್ಜಿ ಹಾಕಿದೆ. ಕಚೇರಿಯವರನ್ನು ದೂರಬಾರದು, ಮೂರೇ ವಾರದಲ್ಲಿ ಆದೇಶ ಬಂತು. ಆದರೆ ಅದರ ವಾಕ್ಯರಚನೆ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ, ಸರಿಪಡಿಸಿದ ಪ್ರತಿ ಕಳಿಸಬೇಕೆಂದು ವಾಪಸು ಕಳಿಸಿದೆ. ಎರಡನೆಯ ಸಲ ಬಂದದ್ದನ್ನೂ ತಿದ್ದಿ ಕಳಿಸಿದೆ. ಮೂರನೆಯ ಪ್ರತಿ ನಿರ್ದೋಷವಾಗಿ ಕೈಸೇರಿದ ದಿನ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಶೆಡ್ಡಿಗೆ ಹೋದರೆ, ತಾವಿದ್ದ ಜಾಗದಲ್ಲಿ ಗೋಣಿ ಮಾತ್ರ ಇತ್ತು. ಸಾರ್‌ಗೆ ಎಂಜಿನ್ ಬೇಡವಾಯಿತು ಎಂದುಕೊಂಡೆ, ಚಾಲೈಯವರಿಗೆ ಕೊಟ್ಟೆ, ಎಂದರು ಆಶಾನ್. ಅವರದೂ ತಪ್ಪಲ್ಲ. ಐದು ತಿಂಗಳು ಕಾದಿದ್ದರು ಪುಣ್ಯಾತ್ಮರು.

ಅಂತೂ ತಾವು ರಾಜಧಾನಿಗೆ ಬಂದು ಸಾರ್ವಜನಿಕ ಸೇವೆಗೆ ಇಳಿದಿರಿ. ನಮ್ಮ ಕಚೇರಿಯ ಗೇಟಿನ ಎದುರು ಧರಣಿ ಕೂರುವವರ ಮೈಕಿಗೆ ವಿದ್ಯುತ್ತು ಕೊಡುವವರು ಈಗ ತಾವೇ. ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲಿನ ಜನರೇಟರ್ ತಾನೇ ಎಷ್ಟು ಅರಚುತ್ತಿತ್ತೆಂದರೆ ಭಾಷಣ ಯಾವ ಪಕ್ಷದ್ದೆಂದೂ ತಿಳಿಯುತ್ತಿರಲಿಲ್ಲ, ನಾವೆಲ್ಲ ನೆಮ್ಮದಿಯಿಂದ ತೂಕಡಿಸುತ್ತಿದ್ದೆವು. ಈಗ ತಮ್ಮ ಮೌನದ ದೆಸೆಯಿಂದ ಒಂದೊಂದು ಅಕ್ಷರವೂ ಮೂರನೆಯ ಮಹಡಿಗೆ ಬರುತ್ತದೆ. ಎರಡು ವಾರದ ಹಿಂದೆ ಒಂದು ಗುರುವಾರ ಚಹಾಕ್ಕೆ ಇಳಿದಾಗ ಹೊದಿಕೆ ಸರಿದಿತ್ತು, ಹಳದಿ ಅಕ್ಷರ ಕಂಡಿತು. ಇಡೀ ತಿರುವನಂತಪುರದಲ್ಲಿ ಮೈಮೇಲೆ ಕನ್ನಡ ಬರೆಸಿಕೊಂಡ ಎಂಜಿನ್ ಇನ್ನೊಂದು ಇರಲಾರದು. ನಾನು ಅಲ್ಲೇ ನಿಂತುಬಿಟ್ಟೆ. ಧರಣಿಯವರು ನನ್ನನ್ನು ಬೆಂಬಲಿಗನೆಂದು ತಿಳಿದು ಕೊರಳಿಗೆ ಶಾಲು ಹಾಕಿದರು.

ಆ ದಿನ ನಾನು ಈ ಪತ್ರದ ಮೊದಲ ಕರಡು ಬರೆದೆ. ತಾವು ದಯಮಾಡಿ ಮುಷ್ಕರವಿಲ್ಲದ ಒಂದು ದಿನ ನೋಡಿ ಕಟ್ಟುಗಳನ್ನು ತಾವೇ ಬಿಚ್ಚಿಕೊಂಡು, ಬೆಳಗಿನ ರೈಲಿನಲ್ಲಿ ಎರ್ನಾಕುಳಂ ತಲುಪಿ, ಅಲ್ಲಿಂದ ಮೆಟ್ರೋ ಹಿಡಿದು ಬರಬೇಕೆಂದು ಅದರಲ್ಲಿ ಪ್ರಾರ್ಥಿಸಿದ್ದೆ. ಮೆಟ್ರೋ ನಮ್ಮ ತ್ರಿಪ್ಪುಣಿತ್ತುರದಲ್ಲೇ ಮುಗಿಯುವುದರಿಂದ ಇಳಿಯುವ ನಿಲ್ದಾಣ ತಪ್ಪುವ ಭಯವಿಲ್ಲ, ಹಿರಿಯರ ಸೀಟಿನಲ್ಲಿ ಕುಳಿತರೂ ತಮ್ಮ ಪ್ರಾಯ ನೋಡಿ ಯಾರೂ ಎಬ್ಬಿಸಲಾರರು ಎಂದೂ ಸೇರಿಸಿದ್ದೆ. ಪೂರ್ತಿ ಬರಲಾಗದಿದ್ದರೆ ಮಗಳು ಹೊರಡುವ ಮುಂಚಿನ ಒಂದು ಭಾನುವಾರಕ್ಕಾದರೂ ಸಾಂದರ್ಭಿಕ ರಜೆ ಹಾಕಿ ಬನ್ನಿ ಎಂದು ಬೇಡಿಕೊಂಡಿದ್ದೆ. ಆ ಪ್ರಾರ್ಥನೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಆ ಗುರುವಾರ ಕಳೆದು ಬಂದ ಭಾನುವಾರ ನಾನು ಎಂಜಿನಿಲ್ಲದ ಪಿಕಪ್ಪಿನಲ್ಲಿ ಸ್ಟೀರಿಂಗ್ ಹಿಡಿದು ಸುಮ್ಮನೆ ಕುಳಿತಿದ್ದೆ. ಆಚೆ ಬಾಗಿಲು ತೆಗೆದು ಅಪೂರ್ವಾ ಹತ್ತಿ ಕುಳಿತಳು. ಬಾಗಿಲು ಎಳೆದುಕೊಂಡಳು. ಆಮೇಲೆ, ಕನ್ನಡದಲ್ಲಿ, ತಗ್ಗಿದ ಸ್ವರದಲ್ಲಿ ಹೇಳಿದಳು: “ಅಪ್ಪ, ಒಂದು ಹೇಳ್ತೇನೆ, ಬೈಬೇಡಿ. ಮನೆಯಲ್ಲಿ ನಾನು ಕನ್ನಡ ಮಾತಾಡಿದ್ರೆ ನೀವು ಪ್ರತಿಸಲ ತಿದ್ತೀರಿ. ಮಾತು ಮುಗಿಸ್ಲಿಕ್ಕೇ ಬಿಡುದಿಲ್ಲ. ಗಾಡಿಯಲ್ಲಿ ಆದ್ರೆ ನಿಮಗೆ ಅರ್ಧ ಕೇಳುದೇ ಇಲ್ಲ ಅಲ್ವಾ? ಹಾಗೆ ಅಲ್ಲಿ ಧೈರ್ಯ ಉಂಟು ನಂಗೆ.”

ಮಾನ್ಯರೇ, ನನಗೆ ನಾಚಿಕೆಯಾಯಿತು. ಹದಿನಾಲ್ಕು ವರ್ಷ ನನ್ನ ಕಾಯಿದೆಗೆ ಹೆದರಿ ಅವಳು ಕನ್ನಡ ಆಡುತ್ತಿದ್ದಾಳೆಂದು ಬೀಗಿದ್ದೆ. ಅವಳು ಆಡಿದ್ದು ಅಪ್ಪನಿಗೆ ಕೇಳಿಸುವುದಿಲ್ಲ ಎಂಬ ಭರವಸೆಯಿಂದ. ಅವಳ ಆ ನಾಲ್ಕು ಮಾತಿನಲ್ಲೂ ತಿದ್ದಬೇಕಾದದ್ದು ನನ್ನ ನಾಲಗೆಯ ತುದಿಗೆ ಬಂದಿತ್ತು ಎಂದರೆ ತಾವು ನನ್ನ ರೋಗದ ಆಳ ತಿಳಿಯಬೇಕು. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ನುಂಗಿಕೊಂಡೆ. ಹೌದು ಮಗಾ, ತಪ್ಪು ನನ್ನದೇ, ಎಂದೆ. ಅವಳು ಮತ್ತೂ ಒಂದು ಗಂಟೆ ಮಾತಾಡಿದಳು, ದೆಹಲಿಯ ಹಾಸ್ಟೆಲಿನ ಭಯವನ್ನು ಅಮ್ಮನಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದಳು. ಮರುದಿನ ಸೋಮವಾರ ರಜೆ ಹಾಕಿ ಆಶಾನರ ಶೆಡ್ಡಿಗೆ ಹೋಗಿ, ಮೂರನೆಯವರನ್ನು ಇವತ್ತೇ ಕೂರಿಸಿ, ಕಾಗದ ಆಮೇಲೆ ನೋಡುವ, ಎಂದೆ. ನನಗೆ ಜ್ವರವೇನಾದರೂ ಇದೆಯೇ ಎಂದು ಅವರು ಹಣೆ ಮುಟ್ಟಿ ನೋಡಿದರು.

ಆದ ಕಾರಣ ತಮ್ಮ ಆಯ್ಕೆಯನ್ನು, ಮಿತಿಮೀರಿದ ಮೌನದ ಆಧಾರದ ಮೇಲೆ, ರದ್ದುಪಡಿಸಲಾಗಿದೆ. ಮೈಮೇಲಿನ ಹಳದಿ ಬರಹವನ್ನು ತಾವು ಬೇಕಾದರೆ ಬಿರುದೆಂದು ಇಟ್ಟುಕೊಳ್ಳಬಹುದು. ಭಾಷಣ ಮಾಡುವವರಿಗೆ ತಮ್ಮಂಥವರೇ ಬೇಕು, ದೇಶಸೇವೆ ಮುಂದುವರಿಯಲಿ.

ಇಷ್ಟಾದರೂ ತಮ್ಮ ಬಗ್ಗೆ ಹಗೆ ಸಾಧಿಸದ,
ತಮ್ಮ ವಿಶ್ವಾಸಿ,
ಜಯಕರ
ತ್ರಿಪ್ಪುಣಿತ್ತುರ

ಮರೆತ ಮಾತು: ಮೊನ್ನೆ ಶನಿವಾರ ಮೂರನೆಯವರನ್ನು ತಪಾಸಣೆಗೆ ಒಯ್ಯುವ ದಾರಿಯಲ್ಲಿ ಅಪೂರ್ವಾ ನಲವತ್ತು ನಿಮಿಷ ಬಿಡದೆ ಮಾತಾಡಿದಳು. ಅರ್ಧ ನನಗೆ ಕೇಳಿಸಲಿಲ್ಲ. ಕೇಳಿಸಿದ ಅರ್ಧದಲ್ಲಿ ಹೆಚ್ಚಿನದು ನನ್ನನ್ನೇ ಬೈದದ್ದು. ತಾವಾಗಿದ್ದರೆ ಪೂರ್ತಿ ಕೇಳಿಸಿಬಿಡುತ್ತಿದ್ದಿರಿ, ಇದ್ದಲ್ಲೇ ಇರಿ.