ಬೋರಮ್ಮ ಮಾತಾಡಿದ ದಿನ

"ರೀ, ಕಾಫಿ ಆರೋಗ್ತಿದೆ, ಕುಡೀರಿ" ಎಂದು ಬೋರಮ್ಮ ಹೇಳಿದಾಗ ಮರಿಯಪ್ಪನವರು ಮೊದಲು ಹಿಂದೆ ತಿರುಗಿ ನೋಡಿದರು. ಬೇರೆ ಯಾರೂ ಇರಲಿಲ್ಲ. ಎರಡು ವರ್ಷಗಳಿಂದ ಹೆಂಡತಿ ಅವರೊಡನೆ ಮಾತಾಡಿರಲಿಲ್ಲ. ಹಾಲು ಮುಗಿದರೆ ಗೋಡೆಗೆ ಹೇಳುತ್ತಿದ್ದರು. ಗೋಡೆಯ ಪರವಾಗಿ ಇವರು ಅಂಗಡಿಗೆ ಹೋಗುತ್ತಿದ್ದರು.

ಕಾರಣ, ಬೋರಮ್ಮನ ತಮ್ಮ ಸಂಪತ್. ಅವನು ಊರಲ್ಲಿ ತೀರಿಕೊಂಡ ದಿನ ಬೋರಮ್ಮನ ಬಿಪಿ ವಿಪರೀತ ಏರಿತ್ತು. ಹೆದರಿದ ಮರಿಯಪ್ಪನವರು, "ಅವನಿಗೆ ಸ್ವಲ್ಪ ಹುಷಾರಿಲ್ವಂತೆ, ನಾಳೆ ಹೋಗೋಣ" ಎಂದುಬಿಟ್ಟಿದ್ದರು. ಮರುದಿನ ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ತಮ್ಮನ ಮುಖ ನೋಡಲಾಗದ ಬೋರಮ್ಮ ಅಂದೇ ಗಂಡನ ಜೊತೆ ಮಾತು ಬಿಟ್ಟರು.

ಮರಿಯಪ್ಪನವರು ಆರಿದ ಕಾಫಿಯನ್ನು ತೀರ್ಥದಂತೆ ಕುಡಿದರು.

"ಸಂಜೆ ಸಂಪತ್ ಬರ್ತಾನೆ. ಒಂದು ನಾಟಿ ಕೋಳಿ ತನ್ನಿ."

ಮರಿಯಪ್ಪನವರಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಆದರೆ ಎರಡು ವರ್ಷ ಹಸಿದವನು ಅನ್ನದಲ್ಲಿ ಕಲ್ಲು ಹುಡುಕುವುದಿಲ್ಲ. "ತರ್ತೀನಿ ಕಣೇ" ಎಂದು ಒಂದು ಗಂಟೆ ಹೆಂಡತಿಯ ಮಾತು ಕೇಳುತ್ತಲೇ ಕೂತರು. ಬೋರಮ್ಮ ಎದ್ದು, ನೆನೆಸಿದ ಅಕ್ಕಿಯನ್ನು ವಾಷಿಂಗ್ ಮೆಷೀನಿಗೆ ಸುರಿದು, ತೂರಾಡಿ ಕುಸಿದಾಗಲೇ ಅವರಿಗೆ ಭಯವಾದದ್ದು.

ಪಕ್ಕದ ಮನೆಯ ಪಂಕಜಾ ಚೊಂಬು ತುಂಬ ಬಾರ್ಲಿ ನೀರು ಹಿಡಿದು ಓಡಿಬಂದರು.

"ನೀರು ಸಾಲ್ದೇ ಹೀಗಾಗಿದೆ ಅಂಕಲ್! ಬಿಪಿ ಇದೆ, ಬಿಸಿಲು ಬೇರೆ. ದಿನಕ್ಕೆ ಐದು ಲೀಟರ್ ಕುಡೀರಿ, ಉಪ್ಪು ಮುಟ್ಟಲೇಬೇಡಿ ಅಂತ ಆಂಟಿಗೆ ವಿಡಿಯೋನೇ ಕಳ್ಸಿದ್ದೆ. ಇಷ್ಟೂ ಕುಡಿಸಿ."

ಕುಡಿಸಿದರು. ಮೂರನೇ ಲೋಟಕ್ಕೆ ಬೋರಮ್ಮ ಅಷ್ಟನ್ನೂ ಪಂಕಜಾ ಅವರ ಮಡಿಲಿಗೇ ವಾಂತಿ ಮಾಡಿ ಕಣ್ಣು ಮುಚ್ಚಿದರು.

ಅತ್ತಿಗುಪ್ಪೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ದಿವ್ಯ ರಕ್ತದ ರಿಪೋರ್ಟ್ ಹಿಡಿದು ಬಂದರು. "ಸೋಡಿಯಂ ನೂರಾ ಹದಿನಾಲ್ಕಕ್ಕೆ ಇಳಿದಿದೆ ಸಾರ್, ನೂರಾ ಮೂವತ್ತೈದಾದ್ರೂ ಇರ್ಬೇಕಿತ್ತು. ಇವರ ಬಿಪಿ ಮಾತ್ರೆ ಉಪ್ಪನ್ನ ಮೂತ್ರದಲ್ಲಿ ಹೊರಗೆ ಹಾಕತ್ತೆ. ಅದರ ಮೇಲೆ ಉಪ್ಪಿಲ್ದೆ ಬರೀ ನೀರು ಕುಡಿದಿದಾರೆ. ರಕ್ತ ತೆಳುವಾಗಿ ಮೆದುಳಿಗೆ ನೀರು ಸೇರ್ಕೊಂಡಿದೆ. ಅದಕ್ಕೇ ಏನೇನೋ ಮಾತಾಡ್ತಿದಾರೆ."

"ಉಪ್ಪು ಸರಿಹೋದ್ಮೇಲೆ... ಮಾತು ನಿಲ್ಲುತ್ತಾ ಮೇಡಂ?"

"ಖಂಡಿತ ನಿಲ್ಲತ್ತೆ, ಭಯ ಪಡ್ಬೇಡಿ."

ಮರಿಯಪ್ಪನವರು ಭಯದಿಂದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಉಪ್ಪುನೀರು ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ಅವಸರ ಮಾಡಿದರೆ ಮೆದುಳಿಗೇ ಅಪಾಯವಂತೆ. ಅವರು ಹೊರಗಿನ ಬೆಂಚಿನ ಮೇಲೆ ಕೂತು, ಹೆಂಡತಿ ಬದುಕಲಿ ಎಂದು ದೇವರನ್ನು ಬೇಡಿಕೊಂಡರು. ಮಾತಿನ ವಿಷಯ ಬೇಡಿಕೊಳ್ಳಲು ನಾಚಿಕೆಯಾಯಿತು.

ಸಂಜೆ ನರ್ಸ್ ಕರೆದಾಗ ಒಳಗೆ ಹೋದರು. ಬೋರಮ್ಮ ಕಣ್ಣು ತೆರೆದು ಮಲಗಿದ್ದರು. ಗಂಡನ ಮುಖವನ್ನೇ ಬಹಳ ಹೊತ್ತು ನೋಡಿದರು.

"ರೀ, ಸಂಪತ್ ಎಲ್ಲಿ?"

ಮರಿಯಪ್ಪನವರು ಮಂಚದ ಪಕ್ಕ ಕೂತರು. ಪಾಪ, ಇನ್ನೂ ಭ್ರಮೆ ಇಳಿದಿಲ್ಲ. ಈ ಸ್ಥಿತಿಯಲ್ಲಿ ನಿಜ ಹೇಳಿದರೆ ತಡೆದುಕೊಂಡಾಳೇ? ಹೆಂಡತಿಯ ಕೈ ಹಿಡಿದು, "ದಾರೀಲಿದಾನೆ ಕಣೇ. ಬರ್ತಾನೆ" ಎಂದರು.

ಬೋರಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡರು.

ಅಷ್ಟರಲ್ಲಿ ಡಾಕ್ಟರ್ ನಗುತ್ತ ಬಂದರು. "ನೋಡಿದ್ರಾ ಸಾರ್? ಅರ್ಧ ಗಂಟೆ ಆಯ್ತು, ಪೂರ್ತಿ ಜ್ಞಾನ ಬಂದಿದೆ. ನೀವು ಹೇಳಿದ್ರಲ್ಲ, ಆ ತಮ್ಮನ ಬಗ್ಗೆ ನಾನೇ ಕೇಳ್ದೆ. 'ಹೋಗಿ ಎರಡು ವರ್ಷ ಆಯ್ತು' ಅಂತ ಸರಿಯಾಗಿ ಹೇಳಿದ್ರು."

"ಇವತ್ತಾದ್ರೂ ನಿಜ ಹೇಳ್ತಾರೇನೋ ಅಂತ ಕೇಳ್ದೆ ಡಾಕ್ಟ್ರೇ" ಎಂದರು ಬೋರಮ್ಮ. "ಹೇಳಿದ್ರೆ, ಇಬ್ರೂ ಸೇರಿ ಒಂದ್ಸಲ ಅತ್ತುಬಿಡೋಣ ಅಂತಿದ್ದೆ."

ಡಾಕ್ಟರಿಗೇ ಹೇಳಿದರು. ಗಂಡನ ಕಡೆ ಮತ್ತೆ ನೋಡಲಿಲ್ಲ.