ಜರ್ಮನಿಗೆ ಹೋದ ಗ್ರೈಂಡರ್

ಯಾರಾದರೂ ಅಲಂಕಾರದ ವಸ್ತುವನ್ನು ಉಡುಗೊರೆ ಕೊಟ್ಟರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಮುಂದೆ ಅದರ ಮೇಲೆ ಕೂರಲಿರುವ ಧೂಳು. ಕೊಯಮತ್ತೂರಿನ ಹತ್ತಿರದ ಅನ್ನೂರಿನ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ತಾಜಮಹಲುಗಳೇ ಮೂರಿವೆ. ಕಟ್ಟಿಸಿದ ಬಾದಶಹನೂ ಒಂದಕ್ಕೇ ನಿಲ್ಲಿಸಿದ್ದ. ಅವನ್ನು ಒರೆಸಿ ಒರೆಸಿ ಬೇಸತ್ತು, ನಾನು ಯಾರಿಗಾದರೂ ಕೊಟ್ಟರೆ ದಿನಾ ಬಳಸುವಂಥದ್ದನ್ನೇ ಕೊಡುವುದೆಂದು ನಿಶ್ಚಯಿಸಿಬಿಟ್ಟಿದ್ದೆ. ಕೊಯಮತ್ತೂರಿನ ಕಾಲೇಜೊಂದರಲ್ಲಿ ನೇಯ್ಗೆ ಕಲಿಸುವ ನನ್ನನ್ನು ಒಂದು ತಿಂಗಳ ತರಬೇತಿಗೆ ಜರ್ಮನಿಗೆ ಕಳಿಸುತ್ತಾರೆ, ಅಲ್ಲಿ ಒಂದು ಕುಟುಂಬದ ಜೊತೆ ಇರಬೇಕು ಎಂದಾಗ ಈ ನಿಶ್ಚಯಕ್ಕೆ ಪರೀಕ್ಷೆ ಬಂತು.

ಯಜಮಾನರು ಬೆಳ್ಳಿಯ ಕುಂಕುಮದ ಬಟ್ಟಲು ಎಂದರು. ಅತ್ತೆ ಮುರುಕ್ಕು, ಅಂದರೆ ಚಕ್ಕುಲಿ, ಎಂದರು. ನಾನು, "ಟೇಬಲ್ ಮೇಲಿಡೋ ಗ್ರೈಂಡರ್" ಎಂದೆ. ಹಿಟ್ಟು ರುಬ್ಬುವ ಗ್ರೈಂಡರಿಗೆ ದೇಶಕ್ಕೇ ಹೆಸರಾದ ಊರು ನಮ್ಮದು; ನಮ್ಮ ಕೊಯಮತ್ತೂರಿನದು ಎಂದು ಎದೆ ತಟ್ಟಿ ಹೇಳಿಕೊಳ್ಳಲು ಅದಕ್ಕಿಂತ ಬೇರೇನಿದೆ?

"ಅವ್ರ್ಗೆ ಇಡ್ಲಿಯೇ ತೆರಿಯಾದು, ಗ್ರೈಂಡರ್ ಎದಕ್ಕೆ?" ಎಂದರು ಯಜಮಾನರು.

"ತೆರಿಯಲಿ, ಗೊತ್ತಾಗಲಿ ಅಂತಾನೇ ಗ್ರೈಂಡರ್" ಎಂದೆ.

ಅಂಗಡಿಯಿಂದ ತಂದು ತೂಗಿದರೆ, ವಿಮಾನದವರು ಬಿಡುವ ತೂಕದಲ್ಲಿ ಅರ್ಧದಷ್ಟನ್ನು ಅದೇ ನುಂಗುತ್ತಿತ್ತು. ಪೆಟ್ಟಿಗೆಯಿಂದ ರೇಷ್ಮೆ ಸೀರೆಗಳು ಹೊರಬಂದವು, ಎರಡನೆಯ ಸ್ವೆಟರ್ ಬಂತು, ಇಡ್ಲಿ ತಟ್ಟೆಯೂ ಬಂತು. ಚಳಿಯಲ್ಲಿ ನಡುಗಿದರೂ ಸರಿ, ಗ್ರೈಂಡರ್ ಹೋಗಲೇಬೇಕು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಪೆಟ್ಟಿಗೆ ಬಿಚ್ಚಿಸಿ, ಒಳಗಿನ ಉರುಳುಗಲ್ಲುಗಳನ್ನು ಬೆರಳಿನಿಂದ ತಟ್ಟಿ, "ಎನ್ನಮ್ಮಾ, ಕಲ್ಲಾ?" ಎಂದರು. ಗ್ರೈಂಡರ್ ಎಂದದ್ದೇ ಅವರ ಮುಖ ಅರಳಿತು. "ಅರೈಚ್ಚು ಸಾಪ್ಪಿಡುಂಗೋ" ಎಂದು, ಚೆನ್ನಾಗಿ ಅರೆದು ತಿನ್ನಲು ಹರಸಿ ಕಳಿಸಿದರು.

ಆತಿಥೇಯರಾದ ಕ್ಲೌಸ್ ಮತ್ತು ಉರ್ಸುಲಾ ಇಬ್ಬರೂ ನಿವೃತ್ತರು. ಡಬ್ಬ ತೆರೆದಾಗ ಉರ್ಸುಲಾ ಬಹಳ ಸಭ್ಯವಾಗಿ, "ಎಷ್ಟು ಚೆನ್ನಾಗಿದೆ! ಏನಿದು?" ಎಂದರು. ಬಾಯಲ್ಲಿ ಹೇಳುವುದೇಕೆ, ತಿನ್ನಿಸಿಯೇ ತೋರಿಸುತ್ತೇನೆಂದು ಲಂಕೆಯ ತಮಿಳರ ಅಂಗಡಿಯೊಂದನ್ನು ಹುಡುಕಿ ಅಕ್ಕಿ, ಉದ್ದು ತಂದು ರುಬ್ಬಿದೆ. ಹಿಟ್ಟು ಹುಳಿ ಬರಲಿಲ್ಲ. ಆ ಚಳಿಗೆ ನಾನೇ ಮುದುಡಿ ಕೂತಿದ್ದೆ, ಹಿಟ್ಟು ಉಬ್ಬೀತೇ? ಹೀಟರಿನ ಪಕ್ಕ ಇಟ್ಟೆವು. ಉರ್ಸುಲಾ ತಮ್ಮ ಉಣ್ಣೆಯ ಶಾಲನ್ನೇ ಪಾತ್ರೆಗೆ ಹೊದಿಸಿದರು. ಮೂರನೆಯ ದಿನ ಹಟಕ್ಕೆ ಬಿದ್ದು ಕಾಫಿ ಕಪ್ಪುಗಳಲ್ಲೇ ಇಡ್ಲಿ ಬೇಯಿಸಿದೆ. ಚಾಕು, ಫೋರ್ಕು ಹಿಡಿದು ಕೂತ ಕ್ಲೌಸ್ ಇಡ್ಲಿಯನ್ನು ಕೊಯ್ಯಲು ಹೋದಾಗ ಚಾಕು ಜಾರಿ ತಟ್ಟೆಗೆ ಟಣ್ ಎಂದು ಬಡಿಯಿತು. ಆದರೂ ಪೂರ್ತಿ ತಿಂದರು, ಪುಣ್ಯಾತ್ಮರು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಕ್ಲೌಸ್ ಅಡುಗೆಮನೆಯಲ್ಲಿ ಗ್ರೈಂಡರಿನ ಸುತ್ತ ಸುಳಿದಾಡುತ್ತಾ, "ಇದು ಎಷ್ಟು ಹೊತ್ತು ಓಡೀತು?" ಎಂದು ಕೇಳಿದರು. ತರಬೇತಿ ಮುಗಿಸಿ ಬಂದು ನೋಡುತ್ತೇನೆ, ಒಳಗೆ ಕಪ್ಪಗೆ ಏನೋ ತಿರುಗುತ್ತಿದೆ! ಹುರಿದ ಕೋಕೋ ಬೀಜ, ಸಕ್ಕರೆ. ಅವರಿಗೆ ಮನೆಯಲ್ಲೇ ಚಾಕೊಲೇಟ್ ಮಾಡುವ ಹುಚ್ಚಂತೆ. ಇಷ್ಟು ವರ್ಷ ತರಿತರಿಯಾಗಿಯೇ ಉಳಿಯುತ್ತಿತ್ತಂತೆ. ಉದ್ದು ಅರೆಯಬೇಕಾದ ಕಲ್ಲಿಗೆ ಈ ಗತಿಯೇ ಎಂದುಕೊಂಡೆ. ಆದರೆ ಎರಡು ದಿನ ಅರೆದ ಮೇಲೆ ಅವರು ಚಮಚದಲ್ಲಿ ಕೊಟ್ಟದ್ದನ್ನು ನಾಲಿಗೆಗೆ ಇಟ್ಟಾಗ, ದೇವರಾಣೆ, ಕೈ ತಾನಾಗಿಯೇ ಮತ್ತೆ ಮುಂದಕ್ಕೆ ಹೋಯಿತು. ಅಂದಿನಿಂದ ಗ್ರೈಂಡರ್ ನಿಂತ ದಿನವೇ ಇಲ್ಲ. ನೆರೆಹೊರೆಯವರು ಬಟ್ಟಲು ಹಿಡಿದು ಬರತೊಡಗಿದರು. ಎಲ್ಲರಿಗೂ ನಾನು, "ಕೊಯಮತ್ತೂರಿಂದ ತಂದದ್ದು" ಎಂದು ಹೇಳಿದ್ದೇ ಹೇಳಿದ್ದು. ಇಡ್ಲಿಯ ಸುದ್ದಿ ಮಾತ್ರ ಎತ್ತಲಿಲ್ಲ.

ಹೊರಡುವಾಗ ಅವರು ಕೊಟ್ಟ ಚಾಕೊಲೇಟ್ ಡಬ್ಬ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮನೆ ಮುಟ್ಟುವಷ್ಟರಲ್ಲಿ ಕರಗಿ ಗೊಜ್ಜಾಗಿತ್ತು. ಅತ್ತೆ ಬೆರಳದ್ದಿ ನೆಕ್ಕಿ, ಕಣ್ಣು ಮುಚ್ಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದರು.

"ಕಹಿ ಇದೆ ಕಣ್ಣು" ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ, ಕಣ್ಣು ಎಂದು. "ಆನಾ, ಕಹಿಯಾದ್ರೂ ಏನ್ ನೈಸಾ ಅರೆದವ್ರೆ!"

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ವಾರಕ್ಕೆರಡು ಸಲ ಹಿಟ್ಟು ರುಬ್ಬುತ್ತಿದ್ದೇನೆ. ಅತ್ತೆಯ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.