ಕಚ್ಚಿದ ರೊಟ್ಟಿ

ಎಲ್ಯೊರನಿಗೆ ಮೂರು ದೇಶಗಳಿಂದ ಕೆಲಸದ ಕರೆ ಬಂದದ್ದೇ ಹಮ್ದಮನ ಹೊಟ್ಟೆಗೆ ಬೆಂಕಿ ಬೀಳಲು ಸಾಕಾಯಿತು. ತಾಷ್ಕೆಂಟಿನ ಒಂದೇ ಓಣಿಯವರು, ಒಂದೇ ಲಿಫ್ಟ್ ಕಂಪನಿ. ಅಲ್ಲಿ ಹಮ್ದಮ್ ಮುಖ್ಯ ಮೆಕ್ಯಾನಿಕ್, ಎಲ್ಯೊರ್ ಅವನ ಕೈಕೆಳಗಿನವನು. ಸ್ಪ್ಯಾನರ್ ಹಿಡಿಯುವುದನ್ನೂ ತಾನೇ ಕಲಿಸಿದ್ದು! ಆ ದೇಶಗಳವರ ಕಣ್ಣಿಗೆ ಗುರು ಬೀಳಲಿಲ್ಲ, ಶಿಷ್ಯ ಬಿದ್ದ.

ಶನಿವಾರ ಬೆಳಿಗ್ಗೆ ಆ ಶಿಷ್ಯನೇ ಸಲಹೆ ಕೇಳಲು ಬಂದು ಕೂತ.

"ಅಣ್ಣಾ, ಮಧ್ಯಾಹ್ನವೇ ಬೀಳ್ಕೊಡುಗೆ ಊಟ. ಅಮ್ಮ ಓಣಿಗೆಲ್ಲ ಹೇಳ್ಬಿಟ್ಟಿದಾಳೆ. ಯಾವ ದೇಶ ಅಂತ ನಂಗೇ ಇನ್ನೂ ಗೊತ್ತಿಲ್ಲ. ಜರ್ಮನಿ ಹೇಗೆ?"

ಹಮ್ದಮ್ ಚಹಾ ಸುರಿಯುತ್ತ ಮುಖ ಸಿಂಡರಿಸಿದ. "ಅಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆದ್ರೂ ಪೊಲೀಸ್ ಬರ್ತಾರಂತೆ."

"ಕೆನಡಾ?"

"ಚಳಿಗೆ ಮೀಸೆ ಮುರಿದು ಕೈಗೆ ಬರುತ್ತೆ."

"ಕೊರಿಯಾ?"

"ಯಜಮಾನ ಮನೆಗೆ ಹೋಗೋವರೆಗೂ ನೀನು ಏಳೋ ಹಾಗಿಲ್ಲ. ಯಜಮಾನ ಮನೆಗೇ ಹೋಗಲ್ಲ."

ಒಳಗಿಂದ ಹೆಂಡತಿ ನೋದಿರಾ ಗೊಣಗಿದಳು. "ಇಲ್ಲೇ ಗಡಿಯಾಚೆ ಇರೋ ಶಿಮ್ಕೆಂಟ್ ಪೇಟೆಗೇ ಕಾಲಿಟ್ಟೋರಲ್ಲ, ಪ್ರಪಂಚದ ಸುದ್ದಿ ಹೇಳ್ತಾರೆ!"

ಎಲ್ಯೊರ್ ತಲೆ ತಗ್ಗಿಸಿ ಎದ್ದುಹೋದ. ಹಮ್ದಮನಿಗೆ ಅಂದು ಚಹಾ ಎರಡು ಬಟ್ಟಲು ಹೆಚ್ಚೇ ಸೇರಿತು.

ಮಧ್ಯಾಹ್ನ ಎಲ್ಯೊರನ ಅಂಗಳದ ತುಂಬ ಜನ, ಕೊಪ್ಪರಿಗೆ ತುಂಬ ಪೊಲಾವ್. ಕಂಪನಿಯ ಯಜಮಾನ ತುರ್ಸುನ್ ಸಾಹೇಬರೂ ಬಂದಿದ್ದರು.

"ರಷ್ಯಾಕ್ಕೆ ಇಟ್ಟಿಗೆ ಹೊರೋಕೆ ಹೋದೋರು ಬೇಕಾದಷ್ಟಿದಾರೆ. ಕಸುಬು ನೋಡಿ ಕರೆಸ್ಕೊಂಡಿದ್ದು ಇವನೊಬ್ಬನ್ನೇ!" ಎಂದು ಓಣಿಯ ಹಿರಿಯ ಸೊಬಿರಜ್ಜ ಎಲ್ಯೊರನ ಬೆನ್ನು ತಟ್ಟಿದಾಗಲೆಲ್ಲ ಹಮ್ದಮ್ ಪೊಲಾವನ್ನು ಇನ್ನಷ್ಟು ಜೋರಾಗಿ ಅಗಿಯುತ್ತಿದ್ದ.

ಊಟವಾದ ಮೇಲೆ ಅಜ್ಜ ದುಂಡನೆಯ ರೊಟ್ಟಿ ಹಿಡಿದು ನಿಂತ. ಅಲ್ಲಿಯ ಪದ್ಧತಿಯಂತೆ ಹೊರಡುವವನು ಅದನ್ನೊಮ್ಮೆ ಕಚ್ಚಬೇಕು. ಉಳಿದದ್ದು ಮನೆಯ ಗೋಡೆಯ ಮೇಲೆ ತೂಗುತ್ತ, ಅವನು ಪರದೇಶದಿಂದ ಬಂದು ತಿನ್ನುವ ತನಕ ಕಾಯುತ್ತದೆ. ಕಚ್ಚಿದವನು ಹೊರಡದೆ ಉಳಿದರೆ ಇಡೀ ಓಣಿಗೆ ಕೇಡು.

ಎಲ್ಯೊರ್ ರೊಟ್ಟಿಯನ್ನೇ ನೋಡುತ್ತ ನಿಂತ. ಹೆಂಗಸರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ನಿನ್ನೆಮೊನ್ನೆಯ ಹುಡುಗನಿಗೆ ಇಷ್ಟೊಂದು ಕಣ್ಣೀರೆ! ಹಮ್ದಮನಿಗೆ ತಡೆಯಲಾಗಲಿಲ್ಲ. ರೊಟ್ಟಿ ಕಸಿದು ಕಚ್ಚಿಯೇಬಿಟ್ಟ.

"ನಾನೂ ಹೊರಟಿದೀನಿ! ನ್ಯೂಜಿಲೆಂಡಿಗೆ!"

ಅದಕ್ಕಿಂತ ದೂರದ ದೇಶ ಅವನ ಬಾಯಿಗೆ ಬರಲಿಲ್ಲ.

"ಒಂದು ಮಾತೂ ಹೇಳ್ಲಿಲ್ವಲ್ಲರೀ," ಎಂದರು ಸಾಹೇಬರು. "ಇರ್ಲಿ, ರೊಟ್ಟಿ ಕಚ್ಚಿದೋರನ್ನ ಹಿಡಿದಿಡೋಕಾಗುತ್ತಾ? ನಿಮ್ಮ ಜಾಗಕ್ಕೆ ಯಾರನ್ನ ಹುಡುಕ್ಲಿ ಈಗ?"

"ನಾನಿದೀನಲ್ಲ ಸಾಹೇಬ್ರೇ," ಎಂದ ಎಲ್ಯೊರ್. "ಬೆಳಿಗ್ಗೆ ಹಮ್ದಮಣ್ಣ ನನ್ನ ಕಣ್ಣು ತೆರೆಸಿದ್ರು. ಯಾವ ದೇಶವೂ ಬೇಡ ಅಂತ ಅಲ್ಲೇ ತೀರ್ಮಾನ ಮಾಡ್ದೆ. ಅಮ್ಮನಿಗೆ ಹೇಳೋಕೆ ಧೈರ್ಯ ಸಾಲದೆ ನಿಂತಿದ್ದೆ, ಅಷ್ಟೇ."

ಸಾಹೇಬರು ಅಲ್ಲೇ ಅವನ ಕೈ ಕುಲುಕಿ ಮುಖ್ಯ ಮೆಕ್ಯಾನಿಕ್ ಮಾಡಿದರು.

ತಮಾಷೆಗೆ ಕಚ್ಚಿದ್ದೆಂದು ಹಮ್ದಮ್ ಗೋಗರೆದ. ಅಜ್ಜ ಕರಗಲಿಲ್ಲ. "ಗಡಿ ದಾಟಿ ಬಂದು ಇದನ್ನ ತಿನ್ನೋವರೆಗೂ ನಿನಗೆ ಈ ಓಣೀಲಿ ಜಾಗ ಇಲ್ಲ."

"ಶಿಮ್ಕೆಂಟೂ ಗಡಿಯಾಚೆನೇ ಅಲ್ವಾ ಅಜ್ಜಾ?" ಎಂದಳು ನೋದಿರಾ.

ಅಜ್ಜ ಗಡ್ಡ ನೀವಿಕೊಂಡು ಯೋಚಿಸಿ, ಒಪ್ಪಿದ. ಅಲ್ಲಿ ಒಂದು ಬಟ್ಟಲು ಚಹಾ ಕುಡಿದು ಮರಳುವುದೆಂದು ತೀರ್ಮಾನವಾಯಿತು.

ಸಂಜೆಯ ಬಸ್ಸಿಗೆ ಬೀಳ್ಕೊಡಲು ಬಂದವನು ಎಲ್ಯೊರ್ ಒಬ್ಬನೇ. ಕಿಟಕಿಗೆ ಮುಖ ತಂದು ಹೇಳಿದ:

"ಅಣ್ಣಾ, ನನ್ನ ಹಳೇ ಕೆಲಸ ಖಾಲಿ ಇದೆಯಲ್ಲ, ಅದನ್ನ ನಿಮಗೇ ಇಟ್ಟಿದೀನಿ. ಸೋಮವಾರ ಎಂಟಕ್ಕೆ ಬಂದ್ಬಿಡಿ. ಲೇಟಾಗಬಾರದು ಮತ್ತೆ. ಹಾಂ, ಬರೋವಾಗ ಫಾರಿನ್ ಚಾಕಲೇಟ್ ಮರೀಬೇಡಿ!"